ಕರೆಯದೆ ಬಂದ ಪ್ಯಾಕೇಜು

ಕಿರುಗೆರೆ ಅಂತ ಒಂದು ರಾಜ್ಯ ಇತ್ತು, ಮಕ್ಕಳೇ. ರಾಜ್ಯ ಸಣ್ಣದು. ಕೆರೆ ದೊಡ್ಡದು. ಆ ಕೆರೆಗೆ ಒಬ್ಬ ನೀರುಗಂಟಿ. ಹೆಸರು ಮರಿಜೋಗ. ಯಾವ ಗದ್ದೆಗೆ ಯಾವಾಗ ನೀರು ಬಿಡಬೇಕು, ಎಷ್ಟು ಬಿಡಬೇಕು, ಅದು ಅವನ ಕೆಲಸ.

ಕೆರೆ ಏರಿ ಮೇಲೆ ಅವನ ಗುಡಿಸಲು. ಏರಿ ಕೆಳಗೆ ಹೊಂಗೆ ಮರ. ಆ ಮರದ ಬುಡದಲ್ಲಿ ಹೆಂಡತಿ ದ್ಯಾವಮ್ಮನನ್ನು ಮಣ್ಣು ಮಾಡಿದ್ದ. ದಿನಾ ಅಲ್ಲೇ ಕೂತು ಉಣ್ಣುತ್ತಿದ್ದ.

ಮೊದಲೆಲ್ಲ ಕೆರೆ ನೀರು ಬಿಡುವ ತೂಬನ್ನು ಕೈಯಲ್ಲೇ ಎತ್ತುತ್ತಿದ್ದ. ಆಮೇಲೆ ಅರಸರು ಒಂದು ಕಂಪ್ಯೂಟರ್ ಇಡಿಸಿದರು. ಎತ್ತುವುದು ಇಳಿಸುವುದು ಅದರ ಪಾಲಾಯಿತು. ನೋಡಿಕೊಳ್ಳುವುದು ಮರಿಜೋಗನ ಪಾಲಾಯಿತು. ಅದನ್ನು ನಡೆಸುವ ತಂತ್ರಾಂಶ ಯಾರೊಬ್ಬರ ಸ್ವತ್ತೂ ಅಲ್ಲ. ಊರೂರಿನವರು ಸೇರಿ ಬರೆದದ್ದು. ಯಾರು ಬೇಕಾದರೂ ಒಳಗೆ ಇಣುಕಬಹುದು. ಸರಿಮಾಡಬಹುದು. ಹಂಚಬಹುದು.

ಅದರೊಳಗೆ ಪ್ಯಾಕೇಜುಗಳಿದ್ದವು. ಪ್ಯಾಕೇಜು ಅಂದರೆ ಒಂದೊಂದು ಕೆಲಸಕ್ಕೆ ಕಟ್ಟಿಟ್ಟ ಒಂದೊಂದು ಗಂಟು. ತೂಬು ಎತ್ತುವವನು ಒಬ್ಬ. ಹೊತ್ತು ನೋಡುವವನು ಒಬ್ಬ. ನೀರು ಅಳೆಯುವವನು ಒಬ್ಬ. ಆಗ ಅವು ನಮ್ಮ ಹಾಗೆಯೇ ಮಾತಾಡುತ್ತಿದ್ದವು.

ಒಂದು ದಿನ ಪಾರುಪತ್ತೇಗಾರ ರಾಚಪ್ಪಾಜಿ ಏರಿ ಹತ್ತಿ ಬಂದ. ಅರಮನೆಯ ಕಾರುಬಾರೆಲ್ಲ ಅವನದೇ.

"ಏನೋ ಜೋಗ, ಅರಸರ ತೂಬು ಮೂಗನ ಹಾಗೆ ಏಳೋದಾ? ಒಂದು ಕೊಂಬು ಊದಬೇಡ್ವಾ?" ಅಂದ.

ಕೊಂಬಿನವನು ಅನ್ನೋ ಪ್ಯಾಕೇಜನ್ನು ತಂದು ಒಳಗೆ ಹಾಕಿದ. ಕೊಂಬಿನವನು ಒಬ್ಬನೇ ಬರಲಿಲ್ಲ. ತಾಳದವನನ್ನು ಕರಕೊಂಡು ಬಂದ. ತಾಳದವನು ದೀಪದವನನ್ನು ಕರಕೊಂಡು ಬಂದ. ದೀಪದವನು ಚಿತ್ರದವನನ್ನು ಕರಕೊಂಡು ಬಂದ. ಅವರವರ ಹಿಂದೆ ಅವರವರ ನೆಂಟರು. ಕೇಳಿದರೆ, "ಇವನಿಲ್ಲದೆ ನಾನು ಬರೋದಿಲ್ಲ" ಅನ್ನೋದು. ಒಳಗೆ ಕಾಲಿಡಲು ಜಾಗ ಇಲ್ಲ.

ತೂಬು ಎತ್ತು ಅಂದರೆ ಕಂಪ್ಯೂಟರ್ ಆಕಳಿಸುತ್ತಿತ್ತು. ಬೆಳಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ತೂಬು ಏಳೋದು. ಕೆರೆ ತುಂಬ ನೀರು. ಕೊನೆ ಗದ್ದೆಗೆ ಮಾತ್ರ ಇಲ್ಲ.

ಕೊನೆ ಗದ್ದೆ ನಿಂಗಾಜಮ್ಮನದು. ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏನ್ ಜೋಗಣ್ಣಾ, ಕೊಂಬು ಚೆನ್ನಾಗಿ ಕೇಳಿಸ್ತು. ಭತ್ತಕ್ಕೆ ಅದನ್ನೇ ಕುಡಿಸ್ಲಾ?"

ಮರಿಜೋಗ ತಲೆ ತಗ್ಗಿಸಿದ.

ದೂರು ಅರಸರಿಗೆ ಹೋಯಿತು. ಅರಸರು ಕರೆಸಿದರು. "ಹುಣ್ಣಿಮೆಗೆ ನಾವೇ ಏರಿಗೆ ಬರುತ್ತೇವೆ. ಅವತ್ತು ಕೊನೆ ಗದ್ದೆಗೆ ನೀರು ಹೋಗಬೇಕು. ಹೋಗದಿದ್ದರೆ ನೀರುಗಂಟಿ ಬೇರೆಯವನು. ಗುಡಿಸಲೂ ಅವನದು."

ರಾಚಪ್ಪಾಜಿ ಮೆಲ್ಲಗೆ ಅಂದ: "ನನ್ನ ಬಾಮೈದ ಇದಾನೆ, ಮಹಾಸ್ವಾಮಿ."

ಮರಿಜೋಗನಿಗೆ ಗುಡಿಸಲಿನ ಚಿಂತೆ ಇರಲಿಲ್ಲ. ಹೊಂಗೆ ಮರದ ಚಿಂತೆ. ಅದನ್ನು ಬಿಟ್ಟು ಎಲ್ಲಿ ಹೋಗಲಿ?

ಅರಮನೆಯಿಂದ ಬಂದವನೇ ಪ್ಯಾಕೇಜುಗಳ ಮುಂದೆ ನಿಂತ. ಎಲ್ಲರಿಗಿಂತ ದಪ್ಪ ಚಿತ್ರದವನು. "ಜಾಗ ಎಲ್ಲ ನೀನೇ ತಿಂದೆ. ಹೊರಡು" ಅಂತ ಹೊರಗೆ ಹಾಕಿದ. ಧೊಪ್ ಅಂತ ನೀರು ಅಳೆಯುವವನು ಬಿದ್ದ. "ಅಯ್ಯೋ, ನಾನು ಅವನ ಹೆಗಲ ಮೇಲೆ ನಿಂತಿದ್ದೆ!" ಅಂದ. ಮರಿಜೋಗ ಚಿತ್ರದವನನ್ನು ವಾಪಸು ಕರೆದ.

ಆಮೇಲೆ ಎಲ್ಲರಿಗಿಂತ ಸಣ್ಣವನನ್ನು ಹಿಡಿದ. ಮೂಲೆಯಲ್ಲಿ ಧೂಳು ಮೆತ್ತಿಕೊಂಡು ಕೂತಿದ್ದ.

"ನೀನೇನಪ್ಪ ಮಾಡ್ತೀಯ?"

"ಅಕ್ಷರ ಓದಿ ಹೇಳ್ತೀನಿ."

"ಅಷ್ಟೇನಾ? ಹೊರಡು."

ಅವನು ಹೊರಗೆ ಹೋದ. ಕಂಪ್ಯೂಟರ್ ಕಣ್ಣು ಮುಚ್ಚಿತು. ತೂಬಿಲ್ಲ, ಕೊಂಬಿಲ್ಲ, ದೀಪವಿಲ್ಲ. ಎಲ್ಲರೂ ಆ ಸಣ್ಣವನನ್ನೇ ನಂಬಿಕೊಂಡಿದ್ದರು.

ಅವನನ್ನು ವಾಪಸು ಕರೆಯೋಣವೆಂದರೆ ಕಂಪ್ಯೂಟರೇ ಎದ್ದಿರಲಿಲ್ಲ. ಮರಿಜೋಗ ಪಕ್ಕದ ರಾಜ್ಯಕ್ಕೆ ಓಡಿದ. ಅಲ್ಲಿನ ನೀರುಗಂಟಿ ನಕ್ಕ. "ಹಂಚೋಕೆ ಅಂತಾನೇ ಇರೋದು, ತಗೋ ಅಣ್ಣ" ಅಂತ ಧೂಳಿನ ಸಮೇತ ಆ ಸಣ್ಣವನದೇ ಇನ್ನೊಂದು ಪ್ರತಿ ಕೊಟ್ಟ. ತಂದು ಹಾಕಿದ. ಕಂಪ್ಯೂಟರ್ ಕಣ್ಣು ಬಿಟ್ಟಿತು.

ದಪ್ಪ ನೋಡಿ ಕೆಟ್ಟ. ಸಣ್ಣ ನೋಡಿ ಕೆಟ್ಟ. ಹೋಗಿ ಹೊಂಗೆ ಮರದಡಿ ಕೂತ. ಮುದ್ದೆ ಮುರಿದ. ಗಂಟಲಲ್ಲಿ ಇಳಿಯಲಿಲ್ಲ.

ಆಗ ದ್ಯಾವಮ್ಮ ನೆನಪಾದಳು. ಊರಲ್ಲಿ ಯಾರ ಮದುವೆಯಾದರೂ ಎಲೆ ಹಾಕುವ ಹೊತ್ತಿಗೆ, ಕರೆಯದವರು ನುಗ್ಗದ ಹಾಗೆ, ಚಪ್ಪರದ ಬಾಗಿಲಲ್ಲಿ ನಿಲ್ಲುವವಳು ಅವಳು. ಯಾರನ್ನೂ ಬಯ್ಯುತ್ತಿರಲಿಲ್ಲ. ದಪ್ಪ ಸಣ್ಣ ನೋಡುತ್ತಿರಲಿಲ್ಲ. ಒಂದೇ ಮಾತು ಕೇಳೋಳು: "ನಿನ್ನ ಕರೆದೋರು ಯಾರಪ್ಪ? ಹೋಗಿ ಅವರ ಪಕ್ಕ ಕೂತ್ಕೋ."

ಮರಿಜೋಗ ಮುದ್ದೆ ನುಂಗಿದ. ಎದ್ದ.

ಹುಣ್ಣಿಮೆ ದಿನ ಬೆಳಗ್ಗೆಯೇ ಅರಸರು ಬಂದರು. ರಾಚಪ್ಪಾಜಿ ಬಂದ. ನಿಂಗಾಜಮ್ಮನೂ ಬಂದಳು. ಮರಿಜೋಗ ಪ್ಯಾಕೇಜುಗಳನ್ನೆಲ್ಲ ಊಟದ ಪಂಕ್ತಿಯ ಹಾಗೆ ಕೂರಿಸಿದ್ದ.

"ನಿನ್ನ ಕರೆದೋರು ಯಾರಪ್ಪ?" ಅಂತ ಚಿತ್ರದವನನ್ನು ಕೇಳಿದ.

"ದೀಪದವನು."

"ಏನಪ್ಪ ದೀಪದವನೇ, ಇವನು ಬೇಕೇಬೇಕಾ? ಇದ್ದರೆ ಚಂದವಾ?"

ದೀಪದವನು ತಲೆ ಕೆರೆದುಕೊಂಡ. "ಇದ್ದರೆ ಚಂದ."

"ಹಾಗಾದ್ರೆ ಹಬ್ಬಕ್ಕೆ ಬಾ."

ಚಿತ್ರದವನು ಎದ್ದು ಹೋದ. ನೀರು ಅಳೆಯುವವನು ಮತ್ತೆ ಜಾರಿದ. ಈ ಸಲ ಮರಿಜೋಗ ಕೈ ಹಿಡಿದ. "ನೆಲದ ಮೇಲೆ ನಿಲ್ಲೋಕಾಗಲ್ವೇನಪ್ಪ?"

"ಆಗುತ್ತೆ. ಹೆಗಲು ಇತ್ತಲ್ಲ ಅಂತ ನಿಂತಿದ್ದೆ."

ದೀಪದವನ ಬಗ್ಗೆ ತಾಳದವನನ್ನು ಕೇಳಿದ. ಇದ್ದರೆ ಚಂದ. ತಾಳದವನ ಬಗ್ಗೆ ಕೊಂಬಿನವನನ್ನು ಕೇಳಿದ. ಇದ್ದರೆ ಚಂದ. ಕೊಂಬಿನವನು ತನ್ನನ್ನು ಕೇಳುವ ಮೊದಲೇ ಎದ್ದ. "ಹಬ್ಬಕ್ಕೆ ಬರ್ತೀನಿ ಬಿಡಣ್ಣ" ಅಂದ. ಅವರ ನೆಂಟರಿಷ್ಟರೂ ಹಿಂದೆಯೇ ಹೋದರು.

ಧೂಳಿನ ಸಣ್ಣವನ ಸರದಿ ಬಂತು. ಕರೆದೋರು ಯಾರು ಅಂದದ್ದೇ ತಡ, ಉಳಿದವರೆಲ್ಲ ಒಟ್ಟಿಗೆ ಕೂಗಿದರು: "ನಾನು! ನಾನು! ನಾನು!" ಮರಿಜೋಗ ಅವನ ಧೂಳು ಒರೆಸಿ ಪಂಕ್ತಿಯ ತಲೆಗೆ ಕೂರಿಸಿದ.

ಕೊನೆಗೆ ಒಬ್ಬ ಉಳಿದ. ಮುಸುಕು ಹಾಕಿದ್ದ.

"ನಿನ್ನ ಕರೆದೋರು?"

ಅವನು ಮುಸುಕು ಇನ್ನಷ್ಟು ಕೆಳಗೆ ಎಳೆದುಕೊಂಡ.

"ತೂಬಿನವನೇ, ನೀನಾ?" "ನಾನಲ್ಲ."

"ಹೊತ್ತು ನೋಡೋನೇ, ನೀನಾ?" "ನಾನಲ್ಲ."

"ಅಳೆಯೋನೇ, ನೀನಾ?" "ಇವನ ಮುಖಾನೇ ನೋಡಿಲ್ಲ ನಾನು."

"ಹಾಗಾದ್ರೆ ಹೊರಡಪ್ಪ" ಅಂದ ಮರಿಜೋಗ.

ರಾಚಪ್ಪಾಜಿ ಹಾರಿ ಬಂದ. "ಬೇಡ ಬೇಡ! ಅವನು ಬೇಕೇಬೇಕು!"

"ಯಾರಿಗೆ, ಸ್ವಾಮಿ?"

ರಾಚಪ್ಪಾಜಿ ಪೇಟ ಸರಿಮಾಡಿಕೊಂಡ.

ಮರಿಜೋಗ ಮುಸುಕಿನವನ ಕಡೆ ತಿರುಗಿದ. ಬಯ್ಯಲಿಲ್ಲ. "ಹೋಗಪ್ಪ, ಕರೆದೋರ ಪಕ್ಕ ಕೂತ್ಕೋ."

ಮುಸುಕಿನವನು ಎದ್ದ. ಪಂಕ್ತಿ ದಾಟಿದ. ಸೀದಾ ಹೋಗಿ ರಾಚಪ್ಪಾಜಿಯ ಪಕ್ಕದಲ್ಲಿ ಕೂತ.

ಅರಸರು ಅವನ ಮುಸುಕು ತೆಗೆಸಿದರು. "ನಿನ್ನ ಕೆಲಸವೇನು?"

"ತೂಬು ಎದ್ದ ಕೂಡಲೇ ನೀರನ್ನು ಇವರ ಬಾಳೆ ತೋಟಕ್ಕೆ ತಿರುಗಿಸೋದು. ಜನ ಜಾಸ್ತಿ ಇದ್ದರೆ ನೀನು ಕಾಣಿಸಲ್ಲ ಅಂದಿದ್ರು."

ನಿಂಗಾಜಮ್ಮ ಗಲ್ಲದ ಮೇಲೆ ಬೆರಳಿಟ್ಟಳು. "ಬಾಳೆಗೊನೆ ಅಷ್ಟು ದಪ್ಪ ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ!"

ಅರಸರು ರಾಚಪ್ಪಾಜಿಯ ಪೇಟ ತೆಗೆಸಿ ಕೈಗೆ ಸನಿಕೆ ಕೊಡಿಸಿದರು. ಈ ಬೆಳೆ ಮುಗಿಯುವ ತನಕ ಕೊನೆ ಗದ್ದೆಯ ಕಾಲುವೆಯ ಹೂಳು ಎತ್ತುವ ಕೆಲಸ ಅವನದು.

ಮರಿಜೋಗ ತೂಬು ಎತ್ತು ಅಂದ. ಅನ್ನುವಷ್ಟರಲ್ಲಿ ತೂಬು ಎದ್ದಿತ್ತು. ನೀರು ಓಡಿತು. ಜೊತೆಗೇ ಓಡಿದ ನಿಂಗಾಜಮ್ಮ ಕೊನೆ ಗದ್ದೆಯಿಂದ ಕೂಗಿದಳು: "ಬಂತು ಕಣಣ್ಣೋ!" ಊದಲು ಕೊಂಬು ಇರಲಿಲ್ಲ. ಅವಳ ಗಂಟಲೇ ಸಾಕಾಯಿತು.

ಮಧ್ಯಾಹ್ನ ಮರಿಜೋಗ ಹೊಂಗೆ ಮರದಡಿ ಕೂತ. ಕಾಲುವೆ ಸದ್ದು ಕೇಳುತ್ತಿತ್ತು. "ನಿನ್ನ ಮಾತೇ ಕೇಳ್ದೆ ಕಣೆ" ಅಂದ. ಮುದ್ದೆ ಸಲೀಸಾಗಿ ಇಳಿಯಿತು.

ನೀತಿ ಇಷ್ಟೇ ಮಕ್ಕಳೇ. ಒಬ್ಬನನ್ನು ಒಳಗೆ ಬಿಟ್ಟುಕೊಳ್ಳುವಾಗ ಅವನ ಹಿಂದೆ ಯಾರು ಬರುತ್ತಾರೆ ನೋಡಿ. ಬೇಕೇಬೇಕಾದವನನ್ನು ಇಟ್ಟುಕೊಳ್ಳಿ, ಸಣ್ಣವನಾದರೂ ಸರಿ. ಚಂದಕ್ಕೆ ಬಂದವನನ್ನು ಹಬ್ಬಕ್ಕೆ ಕರೆಯಿರಿ. ಕರೆದವರೇ ಇಲ್ಲದವನನ್ನು ಹೊರಗೆ ಕಳಿಸಿ. ಗುಂಪು ದೊಡ್ಡದಾದಷ್ಟೂ ಕಳ್ಳನಿಗೆ ಅನುಕೂಲ.

ಕಿರುಗೆರೆಯ ನೀರು ಕೊನೆ ಗದ್ದೆ ಮುಟ್ಟಿತು. ನನ್ನ ಕತೆಯೂ ಮುಟ್ಟಿತು. ಏಳಿ, ಕೈ ತೊಳೆದು ಊಟಕ್ಕೆ ಕೂರಿ.