ಚಿತ್ರದಲ್ಲಿ ಇಲ್ಲದ ಕೈ

“ಗುರುಗಳೇ, ಕ್ಯಾಮರಾದ ಒಂದೊಂದು ಚಿತ್ರದಲ್ಲೂ ಧೂಳು, ಕಲೆ ಇದ್ದೇ ಇರುತ್ತವೆ. ಹಲವು ಚಿತ್ರಗಳನ್ನು ಕೂಡಿಸಿದರೆ ಅವು ಹೋಗಿ, ತಿಳಿಯಾದ ಒಂದೇ ಚಿತ್ರ ಸಿಗುತ್ತದೆ. ಅದು ಸಿಕ್ಕ ಮೇಲೆ ಬಿಡಿ ಚಿತ್ರಗಳನ್ನು ಏಕೆ ನೋಡಬೇಕು?” ಎಂದು ಶಿಷ್ಯ ಕೇಳಿದ. ಯಂತ್ರಗಳಿಗೆ ನೋಡುವುದನ್ನು ಕಲಿಸುವ ವಿದ್ಯೆಗೆ ಅವನು ಹೊಸಬ.

ಗುರುಗಳು ಹೇಳಿದರು:

ಒಬ್ಬ ಸಾಮಿಲ್ ಮಾಲೀಕನಿದ್ದ. ಅವನಲ್ಲಿ ಮರ ಕೊಯ್ಯುತ್ತಿದ್ದವನೊಬ್ಬ ಬೆರಳು ಕಳೆದುಕೊಂಡು ಕೆಲಸ ಬಿಟ್ಟ. ಇನ್ನೊಬ್ಬನನ್ನು ಗರಗಸದ ಮುಂದೆ ನಿಲ್ಲಿಸುವ ಮೊದಲು ಮಾಲೀಕ ನಮ್ಮ ವಿದ್ಯೆ ಬಲ್ಲ ಒಬ್ಬ ತಂತ್ರಜ್ಞನನ್ನು ಕರೆಸಿದ. “ಹಲ್ಲಿನ ಹತ್ತಿರ ಕೈ ಬಂದರೆ ಗರಗಸ ತಾನಾಗಿ ನಿಲ್ಲಬೇಕು. ಇನ್ನೊಬ್ಬನ ಬೆರಳೂ ಹೋದರೆ ಅವನ ಹೆಂಡತಿಗೆ ನಾನು ಮುಖ ತೋರಿಸಲಾರೆ” ಎಂದ.

ತಂತ್ರಜ್ಞ ಗರಗಸದ ಮೇಲೆ ಕ್ಯಾಮರಾ ಕೂರಿಸಿದ. ಬಂದ ಚಿತ್ರಗಳು ಕಾದಿರಲು ಬಫರಿನಲ್ಲಿ, ಅಂದರೆ ಯಂತ್ರದ ತಾತ್ಕಾಲಿಕ ನೆನಪಿನಲ್ಲಿ, ಕೆಲವು ಗೂಡುಗಳನ್ನು ಮಾಡಿದ. ಹೊಸದು ಬಂದಂತೆ ಹಳೆಯದು ಜಾಗ ಬಿಡುತ್ತಿತ್ತು. ಯಾವುದೇ ಒಂದು ಚಿತ್ರದಲ್ಲಿ ಕೈಯಂಥದು ಕಂಡರೂ ಗರಗಸ ನಿಲ್ಲುತ್ತಿತ್ತು.

ಆದರೆ ಮರದ ಹೊಟ್ಟು ಹಾರಿದರೂ ನಿಲ್ಲುತ್ತಿತ್ತು.

“ಏನು ಸ್ವಾಮಿ, ನಿಮ್ಮ ಕ್ಯಾಮರಾಕ್ಕೆ ಹೊಟ್ಟೆಲ್ಲ ಕೈಯೇ?” ಎಂದು ಹೊಸದಾಗಿ ಬಂದ ಕೊಯ್ಯುವವನು ನಕ್ಕ. “ಹೀಗಾದರೆ ಈ ಬಾಗಿಲ ಹಲಗೆ ಕೊಯ್ದು ಮುಗಿಯುವಷ್ಟರಲ್ಲಿ ಅದು ನನ್ನ ಮೊಮ್ಮಗನ ಮನೆಗಾದೀತು.”

ತಂತ್ರಜ್ಞನಿಗೆ ನಾಚಿಕೆಯಾಯಿತು. ಅವನು ಬಿಡಿ ಚಿತ್ರಗಳನ್ನು ನಂಬುವುದು ಬಿಟ್ಟ. ಗೂಡುಗಳಲ್ಲಿದ್ದ ಚಿತ್ರಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಚುಕ್ಕೆಯಲ್ಲೂ ಹೆಚ್ಚಿನ ಚಿತ್ರಗಳು ಏನನ್ನು ತೋರಿಸುತ್ತವೆಯೋ ಅದನ್ನಷ್ಟೇ ಉಳಿಸಿಕೊಂಡ. ಹಾರುವ ಹೊಟ್ಟು ಮಾಯವಾಯಿತು. ಕೈಗವಸಿಗೆ ಬಟ್ಟೆ ತುಂಬಿ, ಕೋಲಿಗೆ ಕಟ್ಟಿ, ಹಲ್ಲಿನ ಬಳಿ ಅಲುಗಾಡಿಸದೆ ಹಿಡಿದು ನೋಡಿದ. ಗರಗಸ ನಿಂತಿತು. ಮಾಲೀಕ ನೆಮ್ಮದಿಯ ಉಸಿರು ಬಿಟ್ಟ. ಕೊಯ್ಯುವವನೂ ಕ್ಯಾಮರಾವನ್ನು ನಂಬಿದ.

ಒಂದು ದಿನ ಹಲ್ಲಿನ ಪಕ್ಕದಲ್ಲಿ ಚಕ್ಕೆಯೊಂದು ಸಿಕ್ಕಿಕೊಂಡಿತು. ಅದನ್ನು ತಳ್ಳಲು ಕೊಯ್ಯುವವನು ಸರಕ್ಕನೆ ಕೈ ಬೀಸಿದ. ಗರಗಸ ನಿಲ್ಲಲಿಲ್ಲ. ಹೆಬ್ಬೆರಳು ಹೋಯಿತು.

ತಂತ್ರಜ್ಞ ಬಂದ. ಗರಗಸದ ಕರೆಂಟು ತೆಗೆಸಿ, ತನ್ನ ಕೈಯನ್ನೇ ಹಾಗೆ ಬೀಸಿದ. ಆಮೇಲೆ ಬಫರಿನ ಗೂಡುಗಳನ್ನು ಒಂದೊಂದಾಗಿ ತೆರೆದು ನೋಡಿದ. ಒಂದರಲ್ಲಿ ಕೈ ಮೇಜಿನ ಅಂಚಿನಲ್ಲಿತ್ತು. ಮುಂದಿನದರಲ್ಲಿ ನಡುವೆ ಇತ್ತು. ಅದರ ಮುಂದಿನದರಲ್ಲಿ ಹಲ್ಲಿನ ಮೇಲೇ ಇತ್ತು. ಕೊನೆಗೆ ಕೂಡಿಸಿದ ಚಿತ್ರವನ್ನು ತೆರೆದ. ಮೇಜು ತಿಳಿಯಾಗಿ, ಮರದ ಗೆರೆ ಗೆರೆಯೂ ಕಾಣುತ್ತಿತ್ತು. ಅವನ ಕೈ ಎಲ್ಲಿಯೂ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಕೇಳಿದ: “ಆದರೆ ಗುರುಗಳೇ, ಯಾವ ಚುಕ್ಕೆಯಲ್ಲಿ ನೋಡಿದರೂ ಹೆಚ್ಚಿನ ಚಿತ್ರಗಳು ಬರೀ ಮೇಜನ್ನೇ ತೋರಿಸಿದ್ದವಲ್ಲ? ಕೂಡಿಸಿದ ಲೆಕ್ಕದಲ್ಲಿ ತಪ್ಪೆಲ್ಲಿದೆ?”

“ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಬೆರಳು ತೆಗೆಯಲು ಗರಗಸ ಬಹುಮತ ಕೇಳಲಿಲ್ಲ” ಎಂದರು ಗುರುಗಳು.