ದೊರೆಸಾನಿ ನಿಂತ ಬಂಡೆ

ಮಾಕನಗುಡ್ಡದ ನೆತ್ತಿಯಲ್ಲಿ ಅಂಗಳದಷ್ಟು ಅಗಲದ ಕರಿಬಂಡೆಯೊಂದಿದೆ. ಅದರ ಮೇಲೆ ದುಂಡಗೆ, ಕೂತು ಕೂತು ಸವೆದಂತಿರುವ ಏಳು ಕುಳಿಗಳು. ಊರಿನವರು ಇದನ್ನು ದೊರೆಸಾನಿ ನಿಂತ ಬಂಡೆ ಎನ್ನುತ್ತಾರೆ. ಕೂತವರನ್ನು ಬಿಟ್ಟು ನಿಂತವಳ ಹೆಸರೇಕೆ ಬಂತು ಎಂದು ಹೊಸಬರು ಕೇಳುವುದುಂಟು. ಕೇಳಬೇಕಾದ್ದೇ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಮಹಿಳಾ ಸಂಘ ಗಿಂಘ ಎಂಬ ಮಾತೇ ಹುಟ್ಟಿರದಿದ್ದಾಗ, ಈ ಊರಿನ ದುಡಿಯುವ ಹೆಂಗಸರು ಕೆಲಸಕ್ಕೆ ಬಿಡುವಿರುವ ಅಮಾವಾಸ್ಯೆಯ ಮಧ್ಯಾಹ್ನ ಇಲ್ಲಿ ಕೂಡುತ್ತಿದ್ದರಂತೆ. ಸೂಲಗಿತ್ತಿ, ಕುಂಬಾರಗಿತ್ತಿ, ಬಳೆಗಾರ್ತಿ, ಹೀಗೆ ಕಸುಬಿಗೊಬ್ಬಳು. ಒಂದು ಕಸುಬಿಗೆ ಒಂದೇ ಕುಳಿ. ಇಂಥವನ ಹೆಂಡತಿ, ಇಂಥವರ ಸೊಸೆ ಎಂಬ ಗುರುತೆಲ್ಲ ಗುಡ್ಡದ ಬುಡದಲ್ಲೇ ಉಳಿಯಬೇಕು. ಹೊಸದಾಗಿ ಬಂದವಳನ್ನು "ನಿನ್ನ ಕೈಕೆಲಸ ಯಾವುದು?" ಎಂದು ಕೇಳುವ ಪಾಳಿ ಎಲ್ಲರಿಗಿಂತ ಕಿರಿಯಳದು. ಆಗ ಕಿರಿಯಳಾಗಿದ್ದವಳು ಸುಣ್ಣ ಸುಡುವ ತಿಪ್ಪವ್ವ. ಗಂಡ ಸತ್ತ ಮೇಲೆ ಸುಣ್ಣದ ಗೂಡೊಂದೇ ಅವಳಿಗೂ ಮಕ್ಕಳಿಗೂ ಗತಿ. ಗೂಡಿದ್ದ ನೆಲವೋ ಅರಮನೆಯದು.

ಅಂಥದ್ದರಲ್ಲಿ ಒಂದು ಅಮಾವಾಸ್ಯೆ ದೊರೆಸಾನಿ ಚಿನ್ನಾಜಮ್ಮನೇ ಗುಡ್ಡ ಹತ್ತಿ ಬಂದಳು. ಕೇಳುವ ಪಾಳಿ ತಿಪ್ಪವ್ವನದು. ಕೇಳಿದರೆ ಗೂಡು ಹೋಗುತ್ತದೆ, ಕೇಳದಿದ್ದರೆ ಬಂಡೆಯ ಕಟ್ಟಳೆ ಹೋಗುತ್ತದೆ. "ತಾಯಿ, ತಮ್ಮ ಕೈಕೆಲಸ ಯಾವುದು?" ಎಂದು ಕೇಳಿಯೇ ಬಿಟ್ಟಳು. ಎಂಥ ಎದೆಗಾರಿಕೆ ನೋಡಿ. ದೊರೆಸಾನಿ ತನ್ನ ಮೆತ್ತನೆಯ ಅಂಗೈ ನೋಡಿಕೊಂಡಳು. ಬಂದ ದಾರಿಯಲ್ಲೇ ಇಳಿದು ಹೋದಳು.

ಮರುದಿನ ಅರಮನೆಯ ಆಳುಗಳು ಬರುವುದನ್ನು ಕಂಡು ತಿಪ್ಪವ್ವ ಮಕ್ಕಳನ್ನು ಅವುಚಿಕೊಂಡು ಗೂಡಿಗೆ ಅಡ್ಡ ನಿಂತಳು. ಆಳುಗಳ ಹಿಂದೆ ನಡೆದುಕೊಂಡೇ ಬಂದ ದೊರೆಸಾನಿ, "ನನಗೂ ಸುಣ್ಣ ಸುಡುವುದು ಕಲಿಸವ್ವ" ಎಂದಳು. ಕಲಿಸಿದರೆ ಬಂಡೆಯ ಮೇಲಿನ ತನ್ನ ಕುಳಿಗೇ ಕುತ್ತು ಎಂದು ಗೊತ್ತಿದ್ದೂ ತಿಪ್ಪವ್ವ ಕಲಿಸಿದಳು. ವರ್ಷ ಕಳೆಯುವುದರೊಳಗೆ ಆ ಅಂಗೈಗಳು ಬೊಬ್ಬೆಯೆದ್ದು, ಒಡೆದು, ಗಟ್ಟಿಯಾದವು.

ದೊರೆಸಾನಿ ಮತ್ತೆ ಗುಡ್ಡ ಹತ್ತಿದ ದಿನ ತಿಪ್ಪವ್ವ ಎದ್ದು ನಿಂತು ತನ್ನ ಕುಳಿ ತೋರಿಸಿದಳು. ಕಟ್ಟಳೆಯಂತೆ ಇಬ್ಬರಲ್ಲಿ ಒಬ್ಬಳೇ ಕೂರಬೇಕಲ್ಲ. ದೊರೆಸಾನಿ ಅವಳ ಹೆಗಲು ಅದುಮಿ, "ಕೂತ್ಕೋ ತಿಪ್ಪವ್ವ, ಅದು ಕಲಿಸಿದವಳ ಜಾಗ" ಎಂದು ಕೂರಿಸಿ, ತಾನು ಅವಳ ಬೆನ್ನ ಹಿಂದೆ ನಿಂತಳು. ಊರನ್ನಾಳುವ ಮನೆಯ ಹೆಣ್ಣು ಸುಣ್ಣದವಳ ಬೆನ್ನಿಗೆ ನಿಂತದ್ದನ್ನು ಉಳಿದವರೆಲ್ಲ ಕಣ್ಣಾರೆ ಕಂಡರು. ಬದುಕಿರುವವರೆಗೂ ಪ್ರತಿ ಅಮಾವಾಸ್ಯೆ ಅವಳು ಹಾಗೆಯೇ ನಿಂತಳು ಎನ್ನುತ್ತಾರೆ.

ತಿಪ್ಪವ್ವನದು ಎನ್ನುವ ಕೊನೆಯ ಕುಳಿಯ ಹಿಂದೆ ಕಲ್ಲಿನಲ್ಲಿ ಮೂಡಿದ ಎರಡು ಹೆಜ್ಜೆಗಳನ್ನು ಇಂದಿಗೂ ನೋಡಬಹುದು. ಕೆಲಸಕ್ಕೆ ಸೇರಿದ ಹೆಣ್ಣುಮಕ್ಕಳು ದೂರದೂರುಗಳಿಂದ ಬಂದು ಅವುಗಳಿಗೆ ಸುಣ್ಣದ ಬೊಟ್ಟಿಟ್ಟು ಹೋಗುತ್ತಾರೆ. ಎಂಥ ಮಳೆಗಾಲದಲ್ಲೂ ಆ ಹೆಜ್ಜೆಗಳು ಬೆಳ್ಳಗೇ ಇರುತ್ತವೆ.