ತೊಟ್ಟಿಲ ಗಿಳಿ

"ಗುರುಗಳೇ, ಹೆಮ್ಮೆಯನ್ನು ಬಿಡಿಸುವುದು ಹೇಗೆ?" ಎಂದು ಶಿಷ್ಯ ಮರುಳಯ್ಯ ಕೇಳಿದ.

"ಯಾರ ಹೆಮ್ಮೆ?" ಎಂದರು ಗುರುಗಳು.

ಮರುಳಯ್ಯ ಸಂಕೋಚದಿಂದ ಹೇಳಿದ. ಹಿಂದಿನ ದಿನ ಅವನ ತಾಯಿ ಮಠಕ್ಕೆ ಬಂದಿದ್ದಳು. ಮದುವೆಯಾದಾಗಿನಿಂದ ಕೂಡಿಸಿಟ್ಟ ಕುಂಕುಮದ ಭರಣಿಗಳನ್ನೆಲ್ಲ ಗಂಟು ಕಟ್ಟಿ ತಂದು, ಜಗಲಿಯ ಮೇಲೆ ಹರಡಿ, ಅಡುಗೆಯವರಿಂದ ಹಿಡಿದು ಗುರುಗಳವರೆಗೆ ಎಲ್ಲರಿಗೂ ತೋರಿಸಿದ್ದಳು. ಉಳಿದ ಶಿಷ್ಯರು ಮುಸಿಮುಸಿ ನಕ್ಕಿದ್ದರು.

"ನನಗೆ ತಲೆ ಎತ್ತಲಾಗಲಿಲ್ಲ. ಪೊರಕೆ ಹಿಡಿದು ಅಂಗಳಕ್ಕೆ ಹೋಗಿಬಿಟ್ಟೆ. ಇವತ್ತು ಊಟವಾದ ಮೇಲೆ ಅವಳು ಊರಿಗೆ ಹೊರಡುತ್ತಾಳೆ. ಇನ್ನು ಮುಂದೆ ಮಠಕ್ಕೆ ಬರಬೇಡವೆಂದು ತಾವೇ ಹೇಳಿಬಿಡಬೇಕು. ತಾವು ಹೇಳಿದರೆ ಕೇಳುತ್ತಾಳೆ."

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಬಳೆಗಾರನಿದ್ದ. ಬಳೆ ಮಾರಲು ಹೋದ ಪ್ರತಿ ಊರಿನಿಂದಲೂ ಒಂದು ಪುಟ್ಟ ಬೊಂಬೆ ತರುವುದು ಅವನ ಹುಚ್ಚು. ಹಿತ್ತಾಳೆಯ ಆನೆ, ಮಣ್ಣಿನ ಬಸವ, ಬೆಂಡಿನ ನವಿಲು. ಮನೆಯ ಗೋಡೆಗೂಡುಗಳೆಲ್ಲ ತುಂಬಿಹೋಗಿದ್ದವು. ನೀರು ಕೇಳಿಕೊಂಡು ಬಂದವರಿಗೂ ಅಲ್ಲಿಂದ ಸುಲಭಕ್ಕೆ ಬಿಡುಗಡೆಯಿರಲಿಲ್ಲ. ಒಂದೊಂದನ್ನೂ ನೋಡಿ, ಅದು ಬಂದ ಊರಿನ ಕತೆ ಕೇಳಿ, ತಲೆದೂಗಿಯೇ ಹೋಗಬೇಕು. ಎಲ್ಲಕ್ಕೂ ಕೊನೆಗೆ ಅವನು ತೋರಿಸುತ್ತಿದ್ದುದು ಒಂದು ಮರದ ಗಿಳಿಯನ್ನು. ಬಾಲ ಎಳೆದರೆ ಅದು ರೆಕ್ಕೆ ಬಿಚ್ಚುತ್ತಿತ್ತು. ಅದನ್ನು ಮಾತ್ರ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ.

ಒಮ್ಮೆ ಗುಡಿಯಲ್ಲಿ ದೇವರ ತೊಟ್ಟಿಲಿಗೆ ಕಟ್ಟಿದ್ದ ಗಿಳಿ ಮುರಿದುಬಿತ್ತು. ಅರ್ಚಕ ಬಳೆಗಾರನ ಮನೆಗೆ ಬಂದು, "ನಿನ್ನಲ್ಲಿ ಬೇಕಾದಷ್ಟಿವೆ. ಮುಕ್ಕಾದದ್ದು ಯಾವುದಾದರೂ ಒಂದು ಕೊಡು, ಸಾಕು" ಎಂದ. ಬಳೆಗಾರ ಗೂಡುಗಳ ಮುಂದೆ ಬಹಳ ಹೊತ್ತು ನಿಂತ. ಅವನ ಕಣ್ಣು ತುಂಬಿತು. ಕೊನೆಗೆ ಆ ಮರದ ಗಿಳಿಯನ್ನೇ ತೆಗೆದು ಕೊಟ್ಟ.

ಕೊಟ್ಟ ಮೇಲಾದರೂ ಸುಮ್ಮನಿದ್ದನೇ? ಇಲ್ಲ. ಮನೆಗೆ ಬಂದವರಿಗೆ ಗೂಡುಗಳನ್ನೆಲ್ಲ ತೋರಿಸಿ, ಅಲ್ಲಿಂದ ಗುಡಿಗೂ ಕರೆದುಕೊಂಡು ಹೋಗಿ, ತೊಟ್ಟಿಲ ಕಡೆ ಕೈ ತೋರಿ, "ಅದೂ ನನ್ನದೇ" ಎನ್ನುತ್ತಿದ್ದ. ಕೇಳಿ ಕೇಳಿ ಅರ್ಚಕನಿಗೆ ರೇಗಿತು.

"ದೇವರಿಗೆ ಕೊಟ್ಟಾಯಿತು. ಇನ್ನೂ ನನ್ನದು ಅನ್ನಲು ನಾಚಿಕೆಯಾಗುವುದಿಲ್ಲವೇ?"

"ದೇವರದೇ ಸ್ವಾಮಿ. ನಾನೇನು ವಾಪಸು ಕೇಳಿದೆನೇ?" ಎಂದ ಬಳೆಗಾರ. "ಇದ್ದುದರಲ್ಲೆಲ್ಲ ಒಳ್ಳೆಯದನ್ನು ಕೊಟ್ಟಿದ್ದೇನೆ. ನೋಡಿ ಹಿಗ್ಗುವುದಕ್ಕೂ ಬೇಡವೇ?"

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ.

"ಬಳೆಗಾರ ತನ್ನ ಪ್ರಾಣದಂಥದ್ದನ್ನು ಕೊಟ್ಟ. ಅವನು ಹೆಮ್ಮೆಪಟ್ಟರೆ ಒಪ್ಪಬಹುದು. ನನ್ನ ತಾಯಿ ಈ ಮಠಕ್ಕೆ ಏನು ಕೊಟ್ಟಿದ್ದಾಳೆ, ಗುರುಗಳೇ?"

ಗುರುಗಳು ಹೇಳಿದರು: "ನಿನ್ನೆ ಭರಣಿಗಳನ್ನೆಲ್ಲ ತೋರಿಸಿಯಾದ ಮೇಲೆ ಅವಳು, ಅಂಗಳ ಗುಡಿಸುತ್ತಿದ್ದ ನಿನ್ನ ಕಡೆ ಕೈ ತೋರಿ, 'ಬುದ್ಧೀ, ಅದೂ ನಂದೇ' ಅಂದಳು."